ಕೋಟಿಯಲ್ಲಿ ಮೂರು ಪಾಲು

ಉತ್ತರದ ಮುಂದೆ ಮೀಟರ್, ಸೆಕೆಂಡ್ ಎಂದು ಬರೆಯದವರಿಗೆ ಅರ್ಧ ಅಂಕ ಕಡಿಯುವ ಮಾಸ್ತರ ಎಂದು ಗಡಹಿಂಗ್ಲಜದ ಕಾಲೇಜಿನಲ್ಲಿ ನನಗೆ ಹೆಸರಿತ್ತು. ಒಳ್ಳೆಯ ಹೆಸರೇನಲ್ಲ. ಆದರೆ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿ ಅದೊಂದನ್ನೇ ಗಳಿಸಿದ್ದೇನೆ, ಬಿಟ್ಟುಕೊಡಲು ಮನಸ್ಸಿಲ್ಲ. ನಿವೃತ್ತನಾದ ಮೇಲೂ ದಿನಾ ಬೆಳಿಗ್ಗೆ ಆಕಾಶವಾಣಿಯ ವಾರ್ತೆಗೆ ಕೈಗಡಿಯಾರ ಹೊಂದಿಸಿಕೊಳ್ಳುತ್ತೇನೆ. ಯಾರಾದರೂ ಹೊತ್ತು ಕೇಳಿದರೆ "ಹತ್ತೂಕಾಲು ಇರಬೇಕು" ಎನ್ನುವವನಲ್ಲ, ಹತ್ತು ಗಂಟೆ ಹದಿಮೂರು ನಿಮಿಷ ಎನ್ನುತ್ತೇನೆ. ಹೆಂಡತಿ ಮಂಗಲ ಇದನ್ನು ರೋಗ ಎನ್ನುತ್ತಾಳೆ. ಹೊತ್ತು ಮುಳುಗುವುದಕ್ಕೆ ಎರಡು ನಿಮಿಷ ಇರುವಾಗ ನನ್ನ ಮುಂದಿನ ತಾಟು ಎಳೆದುಕೊಳ್ಳುವವಳು ಅವಳೇ. ನಮ್ಮ ಜೈನರ ಮನೆಗಳಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಹೀಗಾಗಿ ರೋಗ ಯಾರದು ಎಂಬುದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಮನೆ ಇಚಲಕರಂಜಿಯ ಶಹಾಪುರದಲ್ಲಿ, ಕೆಲಸ ಗಡಹಿಂಗ್ಲಜದಲ್ಲಿ. ಎಲ್ಲರೂ ಮನೆ ಬದಲಿಸು ಎಂದರು. ಮಗ್ಗಗಳ ಖಟಖಟ ಕೇಳದಿದ್ದರೆ ಮಂಗಲಳಿಗೆ ನಿದ್ದೆ ಬರುವುದಿಲ್ಲ, ಆದ್ದರಿಂದ ದಿನಾ ಎರಡು ತಾಸು ಹೋಗುವುದು, ಎರಡು ತಾಸು ಬರುವುದು ನನ್ನ ಪಾಲಿಗೆ ಬಂತು. ಬೆಳಗಿನ ಎಸ್‌ಟಿ ಬಸ್ಸಿನ ಚಾಲಕ ಜೋತಿಬಾ. ಅವನ ಹಿಂದಿನ ಸೀಟು ನನ್ನದು. ಬಸ್ಸು ನಿಪ್ಪಾಣಿಯಲ್ಲಿ ಚಹಾಕ್ಕೆ ನಿಂತಾಗ ಇಬ್ಬರೂ ಒಂದೇ ಬಾಕಿನ ಮೇಲೆ ಕೂಡುತ್ತಿದ್ದೆವು. ಹಲಕರ್ಣಿಯ ಕುರಿಸಾಕಣೆಯ ಮನೆತನದವನು ಅವನು. ಕುರಿ ಬಿಟ್ಟು ಬಸ್ಸು ಹಿಡಿದವನು. "ಎರಡೂ ಒಂದ ಕೆಲಸರಿ ಮಾಸ್ತರ. ಮುಂದ ಹೋಗೂವು ಸುಮ್ಮನ ಹೋಗತಾವು, ಹಿಂದ ಉಳದೂವು ಒದರತಾವು" ಎನ್ನುತ್ತಿದ್ದ.

ಒಂದು ದಿನ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ವಿದ್ಯಾರ್ಥಿನಿಯೊಬ್ಬಳು ಪರೀಕ್ಷೆಗೆಂದು ಸಾಪೇಕ್ಷತೆಯ ಪಾಠ ಹೇಳಿಸಿಕೊಂಡಳು. ಜೋತಿಬಾ ಗೇರು ಹಾಕುತ್ತಾ ಎಲ್ಲ ಕೇಳಿಸಿಕೊಂಡಿದ್ದಾನೆ. ನಿಪ್ಪಾಣಿಯಲ್ಲಿ ಚಹಾದ ಬಶಿ ಕೆಳಗಿಟ್ಟು ಕೇಳಿದ:

"ಮಾಸ್ತರ, ಜೋರ ಓಡೂವನಿಗೆ ಹೊತ್ತು ನಿಧಾನ ಆಗತೈತಿ ಅಂತ ಆ ಹುಡಿಗಿಗೆ ಹೇಳಿದ್ರಲ್ಲ. ಖರೇನ್ರಿ, ಏನ್ ಪರೀಕ್ಷಾಕ್ಕ ಅಷ್ಟ?"

"ಖರೇನ ಐತಿ."

"ನನಗ ಹಂಗೇನೂ ಅನಸಂಗಿಲ್ಲಲ್ಲ?"

ಒಳ್ಳೆಯ ಪ್ರಶ್ನೆ. ನನ್ನ ಎಷ್ಟೋ ವಿದ್ಯಾರ್ಥಿಗಳು ಇದನ್ನು ಕೇಳದೆಯೇ ಪಾಸಾಗಿದ್ದಾರೆ. ಬೆಳಕಿನ ವೇಗ ನಿಂತವನಿಗೂ ಓಡುವವನಿಗೂ ಒಂದೇ, ಅದು ಯಾರ ಮುಲಾಜಿಗೂ ಬದಲಾಗುವುದಿಲ್ಲ, ಬೆಳಕು ಜಗ್ಗದ ಕಾರಣ ಸಮಯವೇ ಜಗ್ಗಬೇಕಾಗುತ್ತದೆ ಎಂದು ಹೇಳಿದೆ. ಓಡುವವನಿಗೆ ತನ್ನ ಸೆಕೆಂಡು ಪೂರ್ತಿ ಸೆಕೆಂಡೇ. ತಿರುಗಿ ಬಂದು, ಮನೆಯಲ್ಲೇ ಉಳಿದವನ ಗಡಿಯಾರದ ಪಕ್ಕ ತನ್ನದನ್ನು ಇಟ್ಟಾಗ ಮಾತ್ರ ತನ್ನದು ಹಿಂದೆ ಬಿದ್ದಿರುವುದು ಗೊತ್ತಾಗುತ್ತದೆ. ಐವತ್ತು ವರ್ಷದ ಹಿಂದೆಯೇ ಭಾರೀ ಸೂಕ್ಷ್ಮ ಗಡಿಯಾರಗಳನ್ನು ವಿಮಾನದಲ್ಲಿ ಕೂರಿಸಿ ಭೂಮಿ ಸುತ್ತಿಸಿ ಇದನ್ನು ನೋಡಿದ್ದಾರೆ ಎಂದೂ ಹೇಳಿದೆ.

ಜೋತಿಬಾ ಬಶಿ ಎತ್ತಿ ಉಳಿದ ಚಹಾ ಕುಡಿದ. ಆಮೇಲೆ, "ನಾನೂ ಮೂವತ್ತು ವರ್ಷ ಓಡೇನಿ. ನಮ್ಮಕ್ಕ ಹಲಕರ್ಣಿ ಬಿಟ್ಟ ಹೊರಗ ಹೋಗಿಲ್ಲ. ಇಬ್ಬರೂ ಅವಳಿ ಜವಳಿ. ಲೆಕ್ಕಾ ಹಾಕ್ರಿ ನೋಡೂಣು" ಎಂದ.

ಹಳೆಯ ಪ್ರಶ್ನೆಪತ್ರಿಕೆಯ ಬೆನ್ನ ಮೇಲೆ ಲೆಕ್ಕ ಹಾಕಿದೆ. ವರ್ಷಕ್ಕೆ ಇನ್ನೂರ ಎಂಬತ್ತು ದಿನ, ದಿನಕ್ಕೆ ಎಂಟು ತಾಸು, ತಾಸಿಗೆ ಐವತ್ತನಾಲ್ಕು ಕಿಲೋಮೀಟರ್. ನಮ್ಮ ಬಸ್ಸಿಗೆ ಐವತ್ತನಾಲ್ಕು ಬಹಳ ಉದಾರವಾಯಿತು ಎಂದೆ. "ಅದಕಿಂತ ಕಡಿಮಿ ಬರೀಬ್ಯಾಡ್ರಿ, ಮರ್ಯಾದಿ ಪ್ರಶ್ನಾ ಐತಿ" ಎಂದ. ಊರಿನ ಎತ್ತರ ತಗ್ಗಿನಿಂದಲೂ ಸಮಯ ಹೆಚ್ಚು ಕಡಿಮೆ ಆಗುತ್ತದೆ, ಆ ತಲೆನೋವನ್ನು ಬಿಟ್ಟೆ. ಉತ್ತರ ಬಂತು. ಮೂವತ್ತು ವರ್ಷದಲ್ಲಿ ಜೋತಿಬಾನ ಗಡಿಯಾರ ಹಿಂದೆ ಬಿದ್ದದ್ದು ಒಂದು ಸೆಕೆಂಡಿನ ಕೋಟಿ ಪಾಲಿನಲ್ಲಿ ಮೂರು ಪಾಲು.

"ಅಂದ್ರ ಎಷ್ಟ್ರಿ?"

"ಕಣ್ಣ ಪಿಳುಕಿಸೂ ಹೊತ್ತು ಐತೆಲ್ಲ, ಅದನ್ನ ಹತ್ತು ಲಕ್ಷ ತುಂಡ ಮಾಡು. ಅದರಾಗ ಒಂದ ತುಂಡ."

ನಗುತ್ತಾನೆ ಎಂದುಕೊಂಡಿದ್ದೆ. ಅವನು ಕಾಗದ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ, ಚಾಲಕನ ಬಿಲ್ಲೆಯ ಹಿಂದೆ ಇಟ್ಟುಕೊಂಡ. ಬಸ್ಸು ಹತ್ತುವಾಗ, "ಇರಲಿ ಬಿಡ್ರಿ, ಗಳಿಸಿದ್ದು ಗಳಿಸಿದ್ದ" ಎಂದ.

ಆ ವರ್ಷದ ದೀಪಾವಳಿಗೆ ನನ್ನನ್ನು ಹಲಕರ್ಣಿಗೆ ಎಳೆದುಕೊಂಡು ಹೋದ. ಭಾವಬೀಜದ ದಿನ. ಅಕ್ಕ ತಾರವ್ವ ತಮ್ಮನನ್ನು ಮಣೆಯ ಮೇಲೆ ಕೂಡಿಸಿ ಆರತಿ ಎತ್ತಿದಳು. ಅವಳ ಮನೆ ಎದುರಿಗೇ. ಅದೇ ಊರಿನಲ್ಲಿ ಕೊಟ್ಟಿದ್ದರು, ಗಂಡ ತೀರಿಕೊಂಡ ಮೇಲೆ ಎರಡೂ ಮನೆ ಒಂದೇ ಆದಂತಿತ್ತು. ತಾಯಿ ಶಿವವ್ವ ಇವಳನ್ನು ಹೆತ್ತ ಅರ್ಧ ತಾಸಿಗೆ ಅವನನ್ನು ಹೆತ್ತಿದ್ದಳಂತೆ. ಆ ಅರ್ಧ ತಾಸಿನ ಬಲದಿಂದ ಜೀವನವಿಡೀ ಅವನ ಮೇಲೆ ದರ್ಬಾರು ನಡೆಸಿದ್ದಳು. ಆರತಿಯಾದ ಮೇಲೆ ಜೋತಿಬಾ ನನ್ನ ಕಾಗದ ಬಿಚ್ಚಿ, "ಅಕ್ಕಾ, ನೀ ಇನ್ನಷ್ಟ ಮುದುಕಿ ಆಗೀದಿ ನೋಡ. ಮಾಸ್ತರ ಬರದ ಕೊಟ್ಟಾರ" ಎಂದ. ಎಷ್ಟು ಎಂಬುದನ್ನೂ ಮುಚ್ಚಿಡದೆ ಹೇಳಿದ, ಕಣ್ಣು ಪಿಳುಕಿಸಿ ತೋರಿಸಿದ.

ತಾರವ್ವ ಓದು ಬಾರದ ಹೆಂಗಸು. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನನ್ನು ಕೇಳಿದಳು: "ಅವನ ಪಾಲಿಂದ ಅಷ್ಟ ಹೊತ್ತು ಉಳೀತಲ್ರಿ. ಅದು ಎಲ್ಲಿ ಹೋತು?"

"ಎಲ್ಲೂ ಹೋಗಂಗಿಲ್ಲವ್ವ. ಅವಂದು ಅವಗ, ನಿಮ್ಮದು ನಿಮಗ."

"ನಿಮ್ಮ ಶಾಣೇತನಾ ನನಗ ತಿಳೀವಲ್ದು" ಎಂದು ಅವಳು ಕರ್ಚಿಕಾಯಿಯ ತಾಟು ಮುಂದಿಟ್ಟಳು. ಆಗ ಇದಕ್ಕೆಲ್ಲ ತಮಾಷೆಗಿಂತ ಹೆಚ್ಚಿನ ಬೆಲೆ ಇರಲಿಲ್ಲ.

ಇದಾಗಿ ಎಂಟು ವರ್ಷ. ಹೋದ ಮಾಘದಲ್ಲಿ ಒಂದು ಬೆಳಿಗ್ಗೆ ಎಂಟು ಗಂಟೆ ಆರು ನಿಮಿಷಕ್ಕೆ ಜೋತಿಬಾನ ಮಗ ಅವಧೂತ ಫೋನು ಮಾಡಿದ.

"ಸರ, ಅಪ್ಪಾ ಹೋದ್ರಿ. ಮುಂಜಾನೆ ಎದಿ ಹಿಡಕೊಂಡ ಕುಂತಾವ ಏಳಲಿಲ್ಲ."

ಏನು ಹೇಳಿದೆನೋ ನೆನಪಿಲ್ಲ. ದುಃಖವಾಯಿತು. ಮೂವತ್ತು ವರ್ಷ ನನ್ನನ್ನು ಒಮ್ಮೆಯೂ ತಡವಾಗಿ ತಲುಪಿಸದ ಮನುಷ್ಯ ಅವನು.

"ಮಣ್ಣ ತಡದೇವ್ರಿ. ತಾರವ್ವತ್ತಿ ನಿಮ್ಮನ್ನ ಕರಸು ಅಂತ ಹಟಾ ಹಿಡದಾಳ. ಆಕಿಗೆ ಅಪ್ಪನ ಮಾರಿ ನೋಡಾಕ ಬಿಡವಲ್ರು."

ಕಾರಣ ಕೇಳಿದೆ. ಅವನು ಸಂಕೋಚದಿಂದಲೇ ವಿವರಿಸಿದ. ಅವರ ಓಣಿಯಲ್ಲಿ ಒಂದು ಕಟ್ಟಳೆ. ಓರಗೆಯವರು, ಅಂದರೆ ಒಂದೇ ವಯಸ್ಸಿನವರು, ಒಬ್ಬರ ಸಾವನ್ನು ಒಬ್ಬರು ಬರಿಗಿವಿಯಿಂದ ಕೇಳಬಾರದು. ಎರಡೂ ಕಿವಿಗೆ ಬಿಸಿ ರೊಟ್ಟಿ ಹಿಡಿದು ಸುದ್ದಿ ಹೇಳಿ, ಆ ರೊಟ್ಟಿಯನ್ನು ನಾಯಿಗೆ ಹಾಕಬೇಕು. ಸತ್ತವರ ಮುಖವನ್ನಂತೂ ನೋಡಲೇಬಾರದು. ನೋಡಿದರೆ ಹೋದವರು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಓರಗೆಯವರಿಗೇ ಇಷ್ಟಾದರೆ ಅವಳಿಗಳ ಮಾತೇನು? ತಾರವ್ವನ ಕಿವಿಗೆ ರೊಟ್ಟಿ ಹಿಡಿದದ್ದಾಗಿದೆ, ನಾಯಿ ತಿಂದದ್ದೂ ಆಗಿದೆ. ಈಗ ಅವಳು ತನ್ನ ಮನೆಯ ಹೊಸ್ತಿಲಲ್ಲಿ ಕುಳಿತಿದ್ದಾಳೆ. ಜೋತಿಬಾ ತನ್ನ ಓರಗೆಯವನಲ್ಲ, ಇದಕ್ಕೆ ಮಾಸ್ತರರ ಲೆಕ್ಕವಿದೆ, ಅವರು ಬಂದು ಹೇಳುವವರೆಗೆ ಹೆಣ ಎತ್ತಿದರೆ ತಾನು ಬಸ್ಸಿಗೆ ಅಡ್ಡ ಮಲಗುತ್ತೇನೆ ಎಂದಿದ್ದಾಳೆ.

ನನಗೆ ಸಿಟ್ಟು ಬಂತು. ಈ ಕಾಲದಲ್ಲಿ ರೊಟ್ಟಿಯಂತೆ, ನಾಯಿಯಂತೆ! ಹೋಗಿ ಎಲ್ಲರಿಗೂ ನಾಲ್ಕು ಮಾತು ಬಿಗಿಯಬೇಕು ಎಂದುಕೊಂಡೇ ಚಪ್ಪಲಿ ಮೆಟ್ಟಿದೆ. ಮಂಗಲ ಹೋಗುವ ದಾರಿಯಲ್ಲಿ ಉಣ್ಣಲು ಡಬ್ಬಿ ಕಟ್ಟಿ ಕೊಡುತ್ತಾ, "ಸಾವಿನ ಮನ್ಯಾಗ ಉಣ್ಣಾಕ ಬರಂಗಿಲ್ಲ. ಎರಡೂವರಿ ಗಾಡಿ ಹಿಡೀರಿ, ಹೊತ್ತ ಮುಳಗೂದ್ರಾಗ ಮನಿಗೆ ಬರತೀರಿ" ಎಂದಳು.

ಬಸ್ಸು ಕಾಗಲದಲ್ಲಿ ನಿಂತಿತು, ನಿಪ್ಪಾಣಿಯಲ್ಲಿ ನಿಂತಿತು, ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳಿತು. ತಾಸಿಗೆ ಐವತ್ತನಾಲ್ಕು ಎಂದು ಬರೆಸಿದ ಜೋತಿಬಾನ ನೆನಪಾಗಿ ನಗು ಬಂತು, ಆಮೇಲೆ ನಗು ಬಂದದ್ದಕ್ಕೆ ನಾಚಿಕೆಯಾಯಿತು. ಗಡಹಿಂಗ್ಲಜದಲ್ಲಿ ಗಾಡಿ ಬದಲಿಸಿ ಹಲಕರ್ಣಿಯಲ್ಲಿ ಇಳಿದಾಗ ಒಂದಕ್ಕೆ ಹನ್ನೊಂದು ನಿಮಿಷ ಇತ್ತು.

ಜೋತಿಬಾನನ್ನು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಮಲಗಿಸಿದ್ದರು. ಮುಖದ ಮೇಲೆ ಬಿಳಿ ಬಟ್ಟೆ. ಅಂಗಳದ ಕಟ್ಟೆಯ ಮೇಲೆ ಓಣಿಯ ಹಿರಿಯ ಕೇದಾರಿ ಕಾಕಾ ಕುಳಿತಿದ್ದ. ಎಂಬತ್ತು ದಾಟಿದ ಮುದುಕ, ದೊಡ್ಡ ರುಮಾಲು, ಕೈಯಲ್ಲಿ ಕೋಲು. ಎದುರಿನ ಮನೆಯ ಹೊಸ್ತಿಲಲ್ಲಿ ತಾರವ್ವ, ಅವಳ ಎರಡೂ ಬದಿಗೆ ಇಬ್ಬರು ಹೆಂಗಸರು ಕಾವಲಿಗೆಂಬಂತೆ. ನಡುವೆ ಇದ್ದ ದಾರಿ ಹತ್ತು ಹೆಜ್ಜೆಯದು.

ನಾನು ಮೂಢನಂಬಿಕೆಯ ಬಗ್ಗೆ ಮಾತು ತೆಗೆಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ತಾರವ್ವ ಹೊಸ್ತಿಲಿಂದಲೇ ಕೂಗಿದಳು:

"ಮಾಸ್ತರ, ಭಾಷಣಾ ಬ್ಯಾಡ್ರಿ. ಲೆಕ್ಕಾ ಹೇಳ್ರಿ."

ಕೇದಾರಿ ಕಾಕಾ ಪಕ್ಕದಲ್ಲಿ ಜಾಗ ತೋರಿಸಿದ.

"ಕುಂದರ್ರಿ. ನಿಮಗ ನಾವು ಹುಚ್ಚರಂಗ ಕಾಣತೇವಿ, ಗೊತ್ತೈತಿ. ನನ್ನ ಸ್ವಂತ ತಮ್ಮ ಹಾಲಸಿದ್ದ ತನ್ನ ಓರಗಿ ಗೆಳ್ಯಾನ ಮಾರಿ ನೋಡಿ ಬಂದ. ಒಂಬತ್ತನೇ ದಿನಾ ಅವನ್ನೂ ಹೊತಗೊಂಡ ಹೋದ್ವಿ. ಇಕಿನೂ ಹೋದ್ರ ಈ ಮನಿಗೆ ದಿಕ್ಕ ಯಾರ್ರಿ? ನನಗ ಇಕಿ ಮ್ಯಾಲ ಸಿಟ್ಟಿಲ್ಲ, ಅಂಜಿಕಿ ಐತಿ."

ಒಂಬತ್ತನೇ ದಿನದ ಸಾವು ಕಾಕತಾಳೀಯ ಎಂದು ವಾದಿಸಬಹುದಿತ್ತು. ತಮ್ಮನನ್ನು ಹೊತ್ತವನ ಮುಂದೆ ವಾದಿಸುವುದು ಆಗಲಿಲ್ಲ.

"ತಾರವ್ವ ಅಂತಾಳ, ಅವಾ ತನ್ನ ಓರಗಿ ಅಲ್ಲಂತ" ಎಂದ ಕೇದಾರಿ ಕಾಕಾ. "ಹುಟ್ಟೂಮುಂದ ಅರ್ಧಾ ತಾಸು ಹಿಂದ ಮುಂದ ಆಗ್ಯಾರು, ಖರೆ. ಒಂದ ಹೊಟ್ಟಿ, ಒಂದ ಬ್ಯಾನಿ. ಅದನ್ನ ನಾವು ಫರಕಾ ಅನ್ನಂಗಿಲ್ಲ. ಹುಟ್ಟಿದ ಮ್ಯಾಲ ಬದಕಿದ್ದು ಇಬ್ಬರದೂ ಸಮ ಐತೋ ಇಲ್ಲೋ, ಅಷ್ಟ ಹೇಳ್ರಿ."

"ಸಮ ಇಲ್ರಿ."

"ಯಾರದು ಹೆಚ್ಚ?"

"ತಾರವ್ವಂದು. ಜೋತಿಬಾ ಗಾಡಿ ಹೊಡದಷ್ಟು ಹೊತ್ತು ಅವನ ಗಡಿಯಾರ ನಿಧಾನ ನಡದೈತಿ. ಅದಕ್ಕ ಅವಾ ಒಂಚೂರು ಸಣ್ಣಾವ."

"ಭಂಡಾರ ಮುಟ್ಟಿ ಹೇಳತೀರಿ?"

ದೇವರ ಮುಂದಿನ ಅರಿಶಿನ ಪುಡಿ ತುಂಬಿದ ಬಟ್ಟಲು ಬಂತು. ಆ ಭಂಡಾರ ಮುಟ್ಟಿ ಸುಳ್ಳು ಹೇಳಿದವರು ಆ ಊರಲ್ಲಿ ಯಾರೂ ಇಲ್ಲ, ಇದ್ದರೆ ಒಪ್ಪಿಕೊಂಡಿಲ್ಲ. ನಾನು ಜೈನ, ಮೇಲಾಗಿ ಯಾವ ಆಣೆಯನ್ನೂ ನಂಬದವನು. ಆದರೆ ಇಲ್ಲಿ ಸುಳ್ಳೇನಿತ್ತು? ಸಮೀಕರಣದ ಒಂದೊಂದು ಅಕ್ಷರವೂ ಸತ್ಯ. ಬೆರಳು ಅದ್ದಿ, "ಖರೇನ್ರಿ, ಸಮ ಇಲ್ಲ" ಎಂದೆ.

ಕೇದಾರಿ ಕಾಕಾ ಬಹಳ ಹೊತ್ತು ಕೋಲಿನ ತುದಿ ನೋಡುತ್ತಾ ಕುಳಿತ. ಕುರಿ ಹಂಚುವಾಗ ಬೆಳೆದ ಮರಿ, ಬೆಳೆಯದ ಮರಿ ಎಂದು ಎರಡೂ ಕಡೆಯವರ ಜಗಳ ಬಿಡಿಸಿ ಬಿಡಿಸಿ ಪಳಗಿದ ತಲೆ. ಕೊನೆಗೆ ತೀರ್ಪು ಕೊಟ್ಟ.

"ಹಂಗಾದ್ರ ಇಬ್ಬರೂ ಪೂರಾ ಓರಗಿ ಅಲ್ಲ. ಪೂರಾ ಬ್ಯಾರೇನೂ ಅಲ್ಲ. ಇಬ್ಬರ ನಡಕ ಎಷ್ಟ ಹೊತ್ತಿನ ಫರಕಾ ಐತೋ, ಅಷ್ಟ ಹೊತ್ತು ಆಕಿ ತಮ್ಮನ ಮಾರಿ ನೋಡ್ಲಿ. ಅಷ್ಟ ಹೊತ್ತು ಆಕಿ ಹಕ್ಕ. ಅದಕಿಂತ ಹೆಚ್ಚ ಒಂಚೂರೂ ಬ್ಯಾಡ. ಲೆಕ್ಕಾ ನಿಮ್ಮದು, ಗಡಿಯಾರನೂ ನಿಮ್ಮ ಕೈಯಾಗ ಐತಿ. ಹೊತ್ತು ಮುಗದ ಕೂಡ್ಲೆ ಆತು ಅನ್ರಿ, ಬಟ್ಟಿ ಮುಚ್ಚೂಣು."

ಎಷ್ಟು ಎಂದು ಅವನು ಕೇಳಲಿಲ್ಲ.

ಎಷ್ಟು ಎಂಬುದು ಅಲ್ಲಿ ಇಬ್ಬರಿಗೇ ಗೊತ್ತಿತ್ತು. ಹತ್ತು ಹೆಜ್ಜೆ ಆಚೆ ತಾರವ್ವ ಎದ್ದು ನಿಂತಿದ್ದಳು. ಅವಳ ಕಣ್ಣು ನನ್ನ ಮೇಲಿತ್ತು. ಎಂಟು ವರ್ಷದ ಹಿಂದೆ ತಮ್ಮ ಕಣ್ಣು ಪಿಳುಕಿಸಿ ತೋರಿಸಿದ್ದನ್ನು ಅವಳು ಮರೆತಿರಲಿಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ಬಟ್ಟೆ ಸರಿಸುವ ಮೊದಲೇ ಮುಗಿದುಹೋಗುವ ಹೊತ್ತು ಅದು. ಅದನ್ನು ಹೇಳುವುದು ನನ್ನ ಕರ್ತವ್ಯವಾಗಿತ್ತು. ವಿದ್ಯಾರ್ಥಿ ಯಾರಾದರೂ ಇಂಥ ಉತ್ತರ ನುಂಗಿಕೊಂಡಿದ್ದರೆ ಪೂರ್ತಿ ಅಂಕ ಕಡಿಯುತ್ತಿದ್ದೆ.

"ಹೌದ್ರಿ" ಎಂದೆ. "ನಾನ ಹೇಳತೇನಿ."

ತಾರವ್ವ ದಾರಿ ದಾಟಿ ಬಂದಳು. ಅವಧೂತ ತಂದೆಯ ಮುಖದ ಬಟ್ಟೆ ಸರಿಸಿದ. ನಾನು ಎಲ್ಲರಿಗೂ ಕಾಣುವಂತೆ ಕೈ ಎತ್ತಿ ಗಡಿಯಾರ ನೋಡಿದೆ. ಒಂದು ಗಂಟೆ ಮೂವತ್ತೆರಡು ನಿಮಿಷ.

ಅವಳು ಅಳಲಿಲ್ಲ. ತಲೆಯ ಬಳಿ ಕುಳಿತು ಮೊದಲು ಸುಮ್ಮನೆ ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ಅವನ ಹುಬ್ಬಿನ ಮೇಲೆ ಅಂಟಿದ್ದ ವಿಭೂತಿ ಒರೆಸಿದಳು. "ಕ್ಷೌರಾ ಮಾಡಿಸ್ಕೊಂಡಿಲ್ಲ ನೋಡ್ರಿ ಇಂವಾ, ನಾಕ ದಿನದಿಂದ ಹೇಳಾಕತ್ತೇನಿ" ಎಂದಳು, ಯಾರಿಗೆಂದು ಇಲ್ಲ. ಅವನ ಗಲ್ಲದ ಮೇಲೆ ಅಂಗೈ ಇಟ್ಟು ಅಲ್ಲೇ ಬಿಟ್ಟಳು.

"ಆತೇನ್ರಿ ಮಾಸ್ತರ?" ಎಂದ ಕೇದಾರಿ ಕಾಕಾ.

ಒಂದು ಗಂಟೆ ಮೂವತ್ತಾರು. ಯಾವ ಹೊತ್ತು ಮುಗಿಯಬೇಕಿತ್ತೋ ಅದು ಈ ನಾಲ್ಕು ನಿಮಿಷದಲ್ಲಿ ಎಂಬತ್ತು ಕೋಟಿ ಸಲ ಮುಗಿದಿತ್ತು. ಲೆಕ್ಕ ತಾನಾಗಿಯೇ ತಲೆಯಲ್ಲಿ ಓಡಿತು, ಅಭ್ಯಾಸ.

"ಇನ್ನೂ ಆಗಿಲ್ರಿ."

ಅವನು ರುಮಾಲು ಸರಿಪಡಿಸಿಕೊಂಡ. ಭಂಡಾರ ಅಂಟಿದ ನನ್ನ ಬೆರಳು ಇನ್ನೂ ಹಳದಿ ಇತ್ತು. ಅದನ್ನು ಪಂಚೆಗೆ ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ತಾರವ್ವ ಸಣ್ಣ ದನಿಯಲ್ಲಿ ತಮ್ಮನಿಗೆ ಏನೋ ಹೇಳುತ್ತಿದ್ದಳು. ಕುರಿಗಳ ಹೆಸರು ಕೇಳಿಸಿದವು. ಅವರಿಬ್ಬರೂ ಚಿಕ್ಕವರಿದ್ದಾಗ ಮೇಯಿಸಿದ ಕುರಿಗಳಿರಬೇಕು, ಈಗ ಅವರ ಮನೆಯಲ್ಲಿ ಕುರಿ ಇರಲಿಲ್ಲ.

ಒಂದು ಐವತ್ತಕ್ಕೆ ಕೇದಾರಿ ಕಾಕಾ ಮತ್ತೆ ನನ್ನ ಕಡೆ ತಿರುಗಿದ. ಈ ಸಲ ಬಾಯಿಬಿಟ್ಟು ಕೇಳಲಿಲ್ಲ, ಹುಬ್ಬು ಎತ್ತಿದ. ನಾನು ತಲೆ ಅಲ್ಲಾಡಿಸಿದೆ. ಮುದುಕ ಹೊತ್ತನ್ನು ನೋಡಿದ, ನನ್ನ ಗಡಿಯಾರ ನೋಡಿದ, ಆಮೇಲೆ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಕೋಲು ಗೋಡೆಗೆ ಆನಿಸಿಟ್ಟು ಕಣ್ಣು ಮುಚ್ಚಿಕೊಂಡ. ಮತ್ತೆ ಕೇಳಲಿಲ್ಲ.

ಎರಡೂವರೆ ಗಾಡಿ ಬಂದದ್ದು ಎರಡು ಮೂವತ್ನಾಲ್ಕಕ್ಕೆ. ನಿಲ್ದಾಣದಲ್ಲಿ ಎರಡು ಸಲ ಹಾರ್ನು ಹೊಡೆಯಿತು. ಆ ಸದ್ದಿಗೆ ತಾರವ್ವ ತಲೆ ಎತ್ತಿದಳು. ಮೂವತ್ತು ವರ್ಷ ಆ ಸದ್ದು ಕೇಳಿದರೆ ತಮ್ಮ ಬಂದ ಎಂದು ಚಹಾಕ್ಕೆ ಇಡುತ್ತಿದ್ದವಳು. ಗಾಡಿ ಹೋಯಿತು. ಇನ್ನು ಹೊತ್ತು ಮುಳುಗುವುದರೊಳಗೆ ನಾನು ಮನೆ ಸೇರುವಂತಿರಲಿಲ್ಲ, ಆ ರಾತ್ರಿಯ ಉಪವಾಸ ಖಾತ್ರಿಯಾಯಿತು.

ಅವಳು ತಿರುಗದೆಯೇ ಕೇಳಿದಳು.

"ಇನ್ನೂ ಐತೇನ್ರಿ ಮಾಸ್ತರ?"

ನಾನು ಗಡಿಯಾರ ನೋಡಲಿಲ್ಲ.

"ಐತಿ ತಾರವ್ವ. ಇನ್ನೂ ಭಾಳ ಐತಿ."

ಅವಳು ತಮ್ಮನ ಮುಖದ ಕಡೆ ಬಗ್ಗಿದಳು. ಆಗ ಮೊದಲ ಸಲ ಜೋರಾಗಿ ಅತ್ತಳು.